ಪ್ರಶ್ನೆ ಕೇಳುವವರ ಹೊಣೆ

ವಿದ್ಯೆಯ ಹೆಸರಿನಲ್ಲಿ ನಡೆಯುವ ಕಾರ್ಯವೆಲ್ಲವೂ ತಾನೇ ತಾನಾಗಿ ನಿರ್ದೋಷವಾದುದೆಂಬ ಭಾವನೆ ಸುಶಿಕ್ಷಿತ ಸಮಾಜದಲ್ಲಿ ಆಳವಾಗಿ ಬೇರೂರಿದೆ. ವ್ಯಾಪಾರಿಯು ಪರರ ಮನೆಯ ಬಾಗಿಲು ತಟ್ಟಿದರೆ ಅವನ ಉದ್ದೇಶವನ್ನು ಎಲ್ಲರೂ ಶಂಕಿಸುತ್ತಾರೆ. ವಿದ್ಯಾರ್ಥಿಯು ಕೈಯಲ್ಲಿ ಪುಸ್ತಕ ಹಿಡಿದು ಅದೇ ಬಾಗಿಲಿಗೆ ಬಂದರೆ ಚಾಪೆ ಹಾಸಿ ಕೂರಿಸಿ ಕಾಫಿ ಕೊಡುತ್ತಾರೆ. ಕೇಳಿದ್ದಕ್ಕೆಲ್ಲ ಉತ್ತರ ಹೇಳುತ್ತಾರೆ. ವ್ಯಾಪಾರಿಯು ಒಯ್ಯುವುದಕ್ಕೆ ಬೆಲೆ ಕಟ್ಟಿ ಹಣ ಕೊಡುತ್ತಾನೆ. ವಿದ್ಯಾರ್ಥಿಯು ಒಯ್ಯುವುದಕ್ಕೆ ಬೆಲೆಯಿಲ್ಲ, ರಸೀತಿಯೂ ಇಲ್ಲ. ಈ ವ್ಯವಹಾರದಲ್ಲಿ ಕೊಟ್ಟವರು ಯಾರು, ಪಡೆದವರು ಯಾರು, ಪಡೆದುದಕ್ಕೆ ಪ್ರತಿಯಾಗಿ ಸಲ್ಲಬೇಕಾದುದು ಏನು ಎಂಬ ವಿಚಾರವು ಸಮಾಜಕಾರ್ಯ, ಮನಶ್ಶಾಸ್ತ್ರ, ಗ್ರಾಮೀಣಾಭಿವೃದ್ಧಿ ಮೊದಲಾದ ವಿಷಯಗಳನ್ನು ಓದುವ ಯುವಕ ಯುವತಿಯರಿಗೂ ಅವರ ತಂದೆತಾಯಿಗಳಿಗೂ ಇಂದು ಅವಶ್ಯವಾದುದಾಗಿದೆ.

ಸಮಾಜಕಾರ್ಯವು ಈ ದೇಶದಲ್ಲಿ ಶಿಕ್ಷಣದ ವಿಷಯವಾಗಿ ನೆಲೆಗೊಂಡುದು 1936ರಲ್ಲಿ, ಮುಂಬಯಿಯಲ್ಲಿ ಟಾಟಾ ಸಂಸ್ಥೆ ಆರಂಭವಾದಾಗ. ಮಂಗಳೂರಿನ ರೋಶನಿ ನಿಲಯ 1960ರಲ್ಲಿ ಪ್ರಾರಂಭವಾಯಿತು. ಮಲೆನಾಡಿನ ಕಾಲೇಜುಗಳಿಗೆ ಆಶ್ರಯವಾದ ಕುವೆಂಪು ವಿಶ್ವವಿದ್ಯಾಲಯ 1987ರಲ್ಲಿ ಶಂಕರಘಟ್ಟದಲ್ಲಿ ಸ್ಥಾಪನೆಗೊಂಡಿತು. ಈಗ ಪದವಿಯ ಕೊನೆಯ ವರ್ಷದಲ್ಲಿ ಒಂದು ಅಧ್ಯಯನ ಪ್ರಬಂಧವನ್ನು ಒಪ್ಪಿಸಬೇಕಾದ ವಿದ್ಯಾರ್ಥಿಗಳ ಸಂಖ್ಯೆ ಅಲ್ಪವಲ್ಲ. ವಿಷಯವನ್ನು ಹೇಗೆ ಆರಿಸಬೇಕು, ಕೆಲಸವನ್ನು ಹೇಗೆ ಯೋಜಿಸಬೇಕು ಎಂಬುದನ್ನು ತಿಳಿಸುವ ಪಠ್ಯಪುಸ್ತಕಗಳು ಸಾಕಷ್ಟಿವೆ. ಅವುಗಳಲ್ಲಿ ಸಮ್ಮತಿ ಪತ್ರದ ನಮೂನೆಯೂ ಇರುತ್ತದೆ. ಆದರೆ ನಮೂನೆಗೆ ಸಹಿ ಪಡೆದಾಕ್ಷಣ ಹೊಣೆ ತೀರಿತೆಂದು ಭಾವಿಸುವುದು, ಕರಾರು ಪತ್ರಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡ ಸಾಲಿಗನು ಧರ್ಮ ನಡೆಯಿತೆಂದು ಭಾವಿಸಿದಂತೆಯೇ ಸರಿ.

ಒಂದು ಊಹೆಯ ಪ್ರಸಂಗವನ್ನು ಮುಂದಿಟ್ಟುಕೊಂಡರೆ ವಿಚಾರ ಸ್ಪಷ್ಟವಾದೀತು. ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯ ಕಡೆಯ ಒಬ್ಬ ವಿದ್ಯಾರ್ಥಿನಿ, ಅಡಿಕೆ ತೋಟವುಳ್ಳ ಮನೆಯ ಮಗಳು, ಸಮಾಜಕಾರ್ಯದಲ್ಲಿ ಸ್ನಾತಕೋತ್ತರ ಪದವಿಗೆ ಓದುತ್ತಿದ್ದಾಳೆ ಎಂದಿಟ್ಟುಕೊಳ್ಳಬಹುದು. ಬುದ್ಧಿವಂತೆ, ಕರುಣೆಯುಳ್ಳವಳು. ವಿಷಯವನ್ನು ಆರಿಸಲು ಅವಳಿಗೆ ಒಂದು ತಿಂಗಳ ಅವಕಾಶವಿದೆ. ಕ್ಷೇತ್ರಕಾರ್ಯಕ್ಕೆ ಮೂರು ತಿಂಗಳು. ಅವಳ ಮನಸ್ಸಿಗೆ ಮೊದಲು ಬರುವುದು ಮಲೆನಾಡಿನ ಅತಿ ಕರುಣಾಜನಕವಾದ ವಿಷಯ: ಹಂದಿಗೋಡು ಕಾಯಿಲೆ.

ಈ ಕಾಯಿಲೆಯ ಇತಿಹಾಸವನ್ನು ಸಂಶೋಧನೆ ಮಾಡಬಯಸುವ ಪ್ರತಿಯೊಬ್ಬ ವಿದ್ಯಾರ್ಥಿಯೂ ತಿಳಿಯಬೇಕಾಗಿದೆ. 1974-75ರ ಸುಮಾರಿಗೆ ಸಾಗರ ತಾಲ್ಲೂಕಿನ ಹಂದಿಗೋಡು ಗ್ರಾಮದಲ್ಲಿ ಇದು ಗಮನಕ್ಕೆ ಬಂದಿತು. ಸೊಂಟ ಮತ್ತು ಮೊಣಕಾಲಿನ ಕೀಲುಗಳಲ್ಲಿ ನೋವು, ನಡೆಯಲು ಅಶಕ್ತತೆ, ಕೆಲವರಲ್ಲಿ ಗಿಡ್ಡತನ, ಕ್ರಮೇಣ ದೇಹ ಬಾಗಿ ನೆಲ ಹಿಡಿಯುವ ಅವಸ್ಥೆ. ಶಿವಮೊಗ್ಗ ಮತ್ತು ಚಿಕ್ಕಮಗಳೂರು ಜಿಲ್ಲೆಗಳಲ್ಲಿ ಇದಕ್ಕೆ ತುತ್ತಾದವರು ಮುಖ್ಯವಾಗಿ ಭೂಮಿಯಿಲ್ಲದ ಬಡ ಕೂಲಿಕಾರರ ಕುಟುಂಬಗಳವರು. ಗದ್ದೆಗಳಿಗೆ ಸಿಂಪಡಿಸಿದ ಕೀಟನಾಶಕವು ಏಡಿಗಳ ಮೂಲಕ ಅವರ ದೇಹವನ್ನು ಸೇರಿತೆಂದು ಮೊದಲು ಶಂಕಿಸಲಾಯಿತು. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯವರು ಬಂದರು; ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನವರು ಬಂದರು. ರಕ್ತ ತೆಗೆದರು, ಮೂಳೆಗಳ ಎಕ್ಸ್‌ರೇ ತೆಗೆದರು, ವಂಶವೃಕ್ಷಗಳನ್ನು ಬರೆದರು. ಕೊನೆಗೆ ಇದು ವಂಶಪಾರಂಪರ್ಯವಾಗಿ ಬರುವ ಮೂಳೆಕೀಲುಗಳ ದೋಷವೆಂದೂ, ತಂದೆತಾಯಿಗಳಲ್ಲಿ ಒಬ್ಬರಿಗೆ ಇದ್ದರೆ ಪ್ರತಿಯೊಂದು ಮಗುವಿಗೂ ಬರುವ ಸಂಭವ ಅರ್ಧದಷ್ಟೆಂದೂ ನಿಶ್ಚಯವಾಯಿತು. ರೋಗವನ್ನು ಗುಣಪಡಿಸುವ ಔಷಧ ದೊರೆಯಲಿಲ್ಲ. ವೈದ್ಯರಿಗೆ ಜ್ಞಾನ ದೊರೆಯಿತು, ಪತ್ರಿಕೆಗಳಿಗೆ ಛಾಯಾಚಿತ್ರಗಳು ದೊರೆತವು. ರೋಗಿಗಳಿಗೆ ದೊರೆತುದು ನೋವಿನ ಮಾತ್ರೆ.

ಇಲ್ಲಿ ಆ ವಿಜ್ಞಾನಿಗಳನ್ನು ದೂಷಿಸುವುದು ಉಚಿತವಲ್ಲ. ಅವರು ಬಾರದಿದ್ದರೆ ಆ ಕುಟುಂಬಗಳ ನೋವು ಊರಿನ ಗಡಿ ದಾಟುತ್ತಿರಲಿಲ್ಲ. ಏಡಿಯ ಮೇಲಿನ ಅಪವಾದವೂ ಕಳೆಯುತ್ತಿರಲಿಲ್ಲ. ಕೇಳದೆ ಸುಮ್ಮನಿರುವುದು ಕೂಡ ಒಂದು ಬಗೆಯ ಹಿಂಸೆಯಾಗಬಲ್ಲದು ಎಂಬುದನ್ನು ಒಪ್ಪಲೇಬೇಕು. ಆದರೆ ಹಲವು ದಶಕಗಳ ಕಾಲ ಬಂದವರಿಗೆಲ್ಲ ಬಾಗಿದ ಕಾಲನ್ನು ಚಾಚಿ ತೋರಿಸಿದ ಮನುಷ್ಯನ ಮುಂದೆ, ಮೂರು ತಿಂಗಳ ಅವಧಿಯ, ಐವತ್ತು ಅಂಕಗಳದೋ ನೂರು ಅಂಕಗಳದೋ ಒಂದು ಪ್ರಬಂಧವನ್ನು ಹಿಡಿದು ಇನ್ನೊಬ್ಬ ವಿದ್ಯಾರ್ಥಿನಿ ಕೂರುವುದು ನ್ಯಾಯವೇ? ಅವಳು ಕೇಳುವ ಪ್ರಶ್ನೆಗಳು ಯಾವುವು? ಮನೆಯಲ್ಲಿ ಎಷ್ಟು ಜನಕ್ಕೆ ಇದೆ, ಅಜ್ಜಿಗೆ ಇತ್ತೇ, ಮದುವೆಯಾದ ಮಗಳಿಗೆ ಇದೆಯೇ. ಉತ್ತರವು ಪಕ್ಕದ ಮನೆಯವರ ಕಿವಿಗೆ ಬಿದ್ದರೆ ಮದುವೆಯಾಗದ ಎರಡನೆಯ ಮಗಳ ಸಂಬಂಧವೊಂದು ಮುರಿಯಬಹುದು. ಅರ್ಧ ಗಂಟೆಯ ಸಂದರ್ಶನಕ್ಕೆ ಒಂದು ಕುಟುಂಬವು ತೆರಬಹುದಾದ ಬೆಲೆಯಿದು. ವಿದ್ಯಾರ್ಥಿನಿಯು ಆ ಬೆಲೆಯನ್ನು ತೀರಿಸಬಲ್ಲಳೇ ಎಂದು ಕೇಳಿದರೆ, ಅವಳಿಗೆ ಆ ಶಕ್ತಿಯೂ ಇಲ್ಲ, ಕಾಲಾವಕಾಶವೂ ಇಲ್ಲ ಎಂಬುದೇ ಪ್ರಾಮಾಣಿಕವಾದ ಉತ್ತರ.

ಹಂದಿಗೋಡು ಎಂಬ ಊರು ತನ್ನದಲ್ಲದ ತಪ್ಪಿಗೆ ಒಂದು ರೋಗದ ಹೆಸರಾಗಿ ಉಳಿಯಿತು. ಸೊರಬ ತಾಲ್ಲೂಕಿನ ಕ್ಯಾಸನೂರು ಅದಕ್ಕೂ ಮೊದಲೇ ಹಾಗಾಯಿತು. 1957ರಲ್ಲಿ ಅಲ್ಲಿನ ಕಾಡಿನಲ್ಲಿ ಮಂಗಗಳು ಸತ್ತುಬಿದ್ದು, ಜನರಲ್ಲಿ ಜ್ವರ ಹರಡಿ, ಜನರ ಬಾಯಲ್ಲಿ ಮಂಗನ ಕಾಯಿಲೆಯೆನಿಸಿದ ವ್ಯಾಧಿಯು ಜಗತ್ತಿನ ವೈದ್ಯಗ್ರಂಥಗಳಲ್ಲಿ ಆ ಕಾಡಿನ ಹೆಸರನ್ನೇ ಪಡೆಯಿತು. ಹೊಸ ರೋಗಗಳಿಗೆ ಊರಿನ ಹೆಸರನ್ನಿಡಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಸಲಹೆ ನೀಡಿದುದು 2015ರಲ್ಲಿ. ಅಷ್ಟರಲ್ಲಿ ಮಲೆನಾಡಿನ ಎರಡು ಸ್ಥಳಗಳಿಗೆ ಆಗಬೇಕಾದುದು ಆಗಿಹೋಗಿತ್ತು.

ಇದಕ್ಕೆ ವಿರುದ್ಧವಾದ ಒಂದು ನಡತೆಯೂ ಕರ್ನಾಟಕದಲ್ಲೇ ಇದೆ. ಮೈಸೂರಿನವರಾದ ಸಮಾಜಶಾಸ್ತ್ರಜ್ಞ ಎಂ. ಎನ್. ಶ್ರೀನಿವಾಸರು 1948ರಲ್ಲಿ ಮೈಸೂರಿನ ಸಮೀಪದ ಒಂದು ಗ್ರಾಮದಲ್ಲಿ ನೆಲೆಸಿ ಅಧ್ಯಯನ ನಡೆಸಿದರು. ತಮ್ಮ ಬರಹಗಳಲ್ಲಿ ಅದನ್ನು ರಾಂಪುರವೆಂದು ಕರೆದರು. ಗ್ರಾಮದ ಮುಖಂಡನ ಆಶ್ರಯದಲ್ಲಿ ತಮ್ಮ ವಾಸವಿದ್ದುದರಿಂದ ಊರನ್ನು ತಾವು ಮೇಲ್ವರ್ಗದವರ ಕಣ್ಣಿನಿಂದಲೇ ಹೆಚ್ಚಾಗಿ ಕಂಡೆವೆಂದು ಅವರು ಮರೆಮಾಚದೆ ಒಪ್ಪಿಕೊಂಡರು. 1970ರ ಏಪ್ರಿಲ್‌ನಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಅವರಿದ್ದ ಕೇಂದ್ರಕ್ಕೆ ಕಿಡಿಗೇಡಿಗಳು ಬೆಂಕಿಯಿಟ್ಟಾಗ, ಹದಿನೆಂಟು ವರ್ಷಗಳಿಂದ ಸಿದ್ಧಪಡಿಸಿಟ್ಟಿದ್ದ ಟಿಪ್ಪಣಿಗಳ ಮೂರೂ ಪ್ರತಿಗಳು ಸುಟ್ಟುಹೋದವು. ನೆನಪಿನ ಬಲದಿಂದಲೇ ಬರೆದ ಅವರ ಗ್ರಂಥ 1976ರಲ್ಲಿ ಪ್ರಕಟವಾಯಿತು. ಈ ವೃತ್ತಾಂತವನ್ನು ವಿದ್ಯಾರ್ಥಿಗಳಿಗೆ ಹೇಳುವವರು ಸಾಮಾನ್ಯವಾಗಿ ಆ ಬೆಂಕಿಯ ಕಥೆಯನ್ನೂ ನೆನಪಿನ ಶಕ್ತಿಯನ್ನೂ ಕೊಂಡಾಡುತ್ತಾರೆ. ಕೊಂಡಾಡಬೇಕಾದುದು ಆಶ್ರಯದ ಬಗೆಗಿನ ಆ ಒಪ್ಪಿಗೆಯನ್ನು. ತಾನು ಯಾರ ಜಗುಲಿಯ ಮೇಲೆ ಕುಳಿತು ಕೇಳಿದೆ ಎಂಬುದನ್ನು ಹೇಳದ ಅಧ್ಯಯನವು, ಯಾರ ಬಂಡವಾಳದಿಂದ ನಡೆಯುತ್ತಿದೆ ಎಂಬುದನ್ನು ಮುಚ್ಚಿಟ್ಟ ಅಂಗಡಿಯಂತೆ.

ಹಿರೇಕೊಡಿಗೆಯ ವಿದ್ಯಾರ್ಥಿನಿಗೂ ಇದೇ ಪ್ರಶ್ನೆ ಎದುರಾಗುತ್ತದೆ, ಅದೂ ಇನ್ನಷ್ಟು ತೀಕ್ಷ್ಣವಾಗಿ. ತನ್ನ ಮನೆಯ ತೋಟಕ್ಕೆ ಬರುವ ಹೆಂಗಸರ ಕೂಲಿ, ಸಾಲ, ಆರೋಗ್ಯ ಇವುಗಳ ಬಗೆಗೆ ಅಧ್ಯಯನ ಮಾಡಿದರೆ ಹೇಗೆ ಎಂಬ ಯೋಚನೆ ಅವಳಿಗೆ ಬರಬಹುದು. ಸುಲಭವಾದ ವಿಷಯ, ಎಲ್ಲರೂ ಪರಿಚಿತರು, ಯಾರೂ ಇಲ್ಲವೆನ್ನುವುದಿಲ್ಲ. ದೋಷವಿರುವುದೇ ಅಲ್ಲಿ. ಧಣಿಗಳ ಮಗಳು ಕೇಳಿದರೆ ಇಲ್ಲವೆನ್ನುವ ಸ್ವಾತಂತ್ರ್ಯ ಆ ಹೆಂಗಸಿಗೆ ಇಲ್ಲ. ಇಲ್ಲವೆನ್ನಲು ಸಾಧ್ಯವಿಲ್ಲದವರ ಹೌದು ಎಂಬ ಮಾತಿಗೆ ಸಮ್ಮತಿಯೆಂಬ ಹೆಸರು ಸಲ್ಲದು. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು 2017ರಲ್ಲಿ ಪ್ರಕಟಿಸಿದ ನೈತಿಕ ಮಾರ್ಗಸೂಚಿಗಳು ಇಂತಹ ಅಧೀನರನ್ನು ವಿಶೇಷ ರಕ್ಷಣೆಗೆ ಅರ್ಹರಾದ ದುರ್ಬಲರೆಂದೇ ಪರಿಗಣಿಸುತ್ತವೆ. ಹಾಗಾದರೆ ತನ್ನ ಪರಿಚಯವಿಲ್ಲದ ಊರಿಗೆ ಹೋಗಲೇ? ನರಸಿಂಹರಾಜಪುರದ ಕಡೆಯ ಯಾವುದೋ ಕಾಫಿ ತೋಟದ ಲೈನ್ ಮನೆಗಳಿಗೆ ಹೋದರೆ ಅಲ್ಲಿ ಅವಳು ಧಣಿಯ ಮಗಳಲ್ಲ. ಆದರೆ ಧಣಿಯ ಅಪ್ಪಣೆಯಿಲ್ಲದೆ ಒಳಗೆ ಕಾಲಿಡುವಂತಿಲ್ಲ. ಅಪ್ಪಣೆ ಪಡೆದು ಹೋದವಳನ್ನು ಅಲ್ಲಿನವರು ಯಾರ ಕಡೆಯವಳೆಂದು ತಿಳಿಯುತ್ತಾರೆ ಎಂಬುದನ್ನು ಹೇಳಬೇಕಾಗಿಲ್ಲ. ಇದಕ್ಕೆ ನಿರ್ದುಷ್ಟವಾದ ಪರಿಹಾರವಿಲ್ಲ. ತಾನು ಯಾರೆಂಬುದನ್ನು ಲೆಕ್ಕಕ್ಕೆ ಹಿಡಿದು, ಆ ಸ್ಥಾನದಿಂದ ಕೇಳಿದರೂ ಹೆಚ್ಚು ಕೆಡುಕಾಗದ ಪ್ರಶ್ನೆಯನ್ನು ಆರಿಸುವುದೊಂದೇ ಉಳಿದ ದಾರಿ.

ಪ್ರಾಚೀನ ಆಚಾರ್ಯರು ಗೃಹಸ್ಥನ ನಡತೆಯನ್ನು ವಿಚಾರಿಸುವಾಗ ಸುಳ್ಳು ಮತ್ತು ಕಳವುಗಳನ್ನು ಸ್ಥೂಲವಾಗಿ ನಿಷೇಧಿಸಿ ಸುಮ್ಮನಾಗಲಿಲ್ಲ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಒಂದೊಂದು ವ್ರತಕ್ಕೂ ಐದೈದು ಅತಿಚಾರಗಳನ್ನು ಹೇಳಲಾಗಿದೆ. ವ್ರತವು ಮುರಿಯದೆಯೇ ಮಲಿನವಾಗುವ ಬಗೆಗಳು ಅವು. ಸತ್ಯಾಣುವ್ರತದ ಅತಿಚಾರಗಳಲ್ಲಿ ರಹೋಭ್ಯಾಖ್ಯಾನ, ಕೂಟಲೇಖಕ್ರಿಯೆ, ನ್ಯಾಸಾಪಹಾರ, ಸಾಕಾರಮಂತ್ರಭೇದ ಎಂಬ ನಾಲ್ಕನ್ನು ಓದಿದರೆ, ಸಂಶೋಧನೆಯ ವಿದ್ಯಾರ್ಥಿಗಾಗಿಯೇ ಬರೆದಿಟ್ಟಂತೆ ತೋರುತ್ತದೆ. ಏಕಾಂತದಲ್ಲಿ ನಡೆದುದನ್ನು ಬಯಲಿಗೆ ತರುವುದು ಮೊದಲನೆಯದು. ಇಲ್ಲದ ಬರಹವನ್ನು ಸೃಷ್ಟಿಸುವುದು ಎರಡನೆಯದು. ನಾಲ್ಕನೆಯದು, ಮುಖಭಾವ ಹುಬ್ಬಿನ ಚಲನೆಗಳಿಂದ ಪರರ ಮನಸ್ಸನ್ನು ಊಹಿಸಿ ಅದನ್ನು ಹೊರಗೆ ಹೇಳಿಬಿಡುವುದು.

ಮೂರನೆಯದಾದ ನ್ಯಾಸಾಪಹಾರದ ಬಗೆಗೆ ಸ್ವಲ್ಪ ನಿಲ್ಲಬೇಕು. ನ್ಯಾಸವೆಂದರೆ ನಂಬಿ ಇಟ್ಟ ಠೇವಣಿ. ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಇದನ್ನು ವಿವರಿಸುವ ಬಗೆ ಸೂಕ್ಷ್ಮವಾದುದು. ಠೇವಣಿ ಇಟ್ಟವನು ತಾನು ಎಷ್ಟು ಇಟ್ಟೆನೆಂಬುದನ್ನು ಮರೆತು, ಕಡಿಮೆ ಕೇಳುತ್ತಾನೆ. ಇಟ್ಟುಕೊಂಡವನು ಹಾಗೆಯೇ ಆಗಲಿ ಎಂದು ಅಷ್ಟನ್ನೇ ಕೊಡುತ್ತಾನೆ. ಅವನು ಕದಿಯಲಿಲ್ಲ, ಒಂದು ಸುಳ್ಳನ್ನೂ ಬಾಯಿಬಿಟ್ಟು ಹೇಳಲಿಲ್ಲ. ಎದುರಿನವನ ಮರೆವಿನ ಲಾಭವನ್ನು ಪಡೆದ, ಅಷ್ಟೆ. ಮಾಹಿತಿ ಕೊಡುವ ಹಳ್ಳಿಯ ಮುದುಕಿಗೆ ತಾನು ಏನನ್ನು ಇಟ್ಟೆನೆಂಬುದೇ ತಿಳಿದಿರುವುದಿಲ್ಲ. ನಾಲ್ಕು ಮಾತು ಆಡಿದೆನೆಂದು ಅವಳು ತಿಳಿಯುತ್ತಾಳೆ. ಆ ನಾಲ್ಕು ಮಾತು ಪ್ರಬಂಧದಲ್ಲಿ ಅಚ್ಚಾಗಿ, ಗ್ರಂಥಾಲಯದಲ್ಲಿ ಕುಳಿತು, ಮೊಬೈಲಿನಲ್ಲಿ ಒಬ್ಬರಿಂದ ಒಬ್ಬರಿಗೆ ಹರಿದಾಡಿ ಎಲ್ಲಿಗೆ ಮುಟ್ಟೀತೆಂಬುದು ಅವಳ ಕಲ್ಪನೆಗೆ ಮೀರಿದುದು. ಅದನ್ನು ತಿಳಿದಿರುವವಳು ವಿದ್ಯಾರ್ಥಿನಿ. ಅವಳು ಕೇಳಲಿಲ್ಲ, ಆದ್ದರಿಂದ ಹೇಳಲಿಲ್ಲ ಎಂದರೆ ಅದು ಪೂಜ್ಯಪಾದರು ತೋರಿಸಿದ ಠೇವಣಿಗಾರನ ಮಾತೇ ಆಗುತ್ತದೆ.

ಹೆಸರನ್ನು ಬದಲಿಸಿದರೆ ಸಾಲದೇ ಎಂದು ಕೆಲವರು ಕೇಳುತ್ತಾರೆ. ಬೆಂಗಳೂರಿನಲ್ಲಿ ಸಾಕಾಗಬಹುದು. ಮಲೆನಾಡಿನಲ್ಲಿ ಗುಡ್ಡಕ್ಕೊಂದು ಮನೆ. ಮನುಷ್ಯನನ್ನು ಮನೆಯ ಹೆಸರಿನಿಂದಲೇ ಗುರುತಿಸುವ ಸೀಮೆ. ನಿವೃತ್ತ ಶಿಕ್ಷಕಿ, ವಿಧವೆ, ಒಬ್ಬ ಮಗ ವಿದೇಶದಲ್ಲಿ ಎಂದು ಬರೆದರೆ ಗ್ರಾಮ ಪಂಚಾಯಿತಿಯ ವ್ಯಾಪ್ತಿಯಲ್ಲಿ ಅಂಥವರು ಒಬ್ಬರೇ ಇರುತ್ತಾರೆ. ಕಾಲ್ಪನಿಕ ಹೆಸರು ಅಲ್ಲಿ ಕನ್ನಡಿಯ ಮೇಲೆ ಹೊದಿಸಿದ ತೆಳುವಾದ ಬಟ್ಟೆ. ಆದುದರಿಂದ ಹೆಸರಿರುವ ಪಟ್ಟಿಯನ್ನೂ ಉತ್ತರಗಳ ಪುಸ್ತಕವನ್ನೂ ಬೇರೆ ಬೇರೆ ಇಡುವುದು, ಒಂದಕ್ಕೊಂದು ಹೊಂದಿಸುವ ಸಂಖ್ಯೆಗಳನ್ನು ಪದವಿ ಮುಗಿದೊಡನೆ ನಾಶಪಡಿಸುವುದು, ಒಬ್ಬರೇ ಇರುವ ವಿವರಗಳನ್ನು ಪ್ರಬಂಧದಲ್ಲಿ ಕಲಸಿಬಿಡುವುದು ಇವೆಲ್ಲವನ್ನೂ ಮೊದಲ ಮನೆಗೆ ಹೋಗುವ ಮುನ್ನವೇ ಯೋಜಿಸಿರಬೇಕು. ಫೋಟೋ ತೆಗೆಯುವ ಚಟವನ್ನಂತೂ ಪೂರ್ತಿಯಾಗಿ ಬಿಡುವುದು ಒಳ್ಳೆಯದು.

ಇನ್ನು ಅಚೌರ್ಯ ವ್ರತದ ಅತಿಚಾರಗಳು. ಕದ್ದು ತಂದುದನ್ನು ಕೊಳ್ಳುವುದು ತದಾಹೃತಾದಾನ. ಸಿದ್ಧಪಡಿಸಿದ ಪ್ರಬಂಧಗಳನ್ನು ಇಷ್ಟು ಹಣಕ್ಕೆಂದು ಮಾರುವ ಜೆರಾಕ್ಸ್ ಅಂಗಡಿಗಳು ಕಾಲೇಜುಗಳ ಎದುರಿನಲ್ಲಿ ಇರುವುದು ಎಲ್ಲರಿಗೂ ತಿಳಿದ ಸಂಗತಿ. ಕೊಳ್ಳುವ ಮಗನಿಗೆ ಹಣ ಕೊಡುವ ತಂದೆಗೂ ಅದು ತಿಳಿದಿರುತ್ತದೆ. ಹೀನಾಧಿಕಮಾನೋನ್ಮಾನವೆಂದರೆ ಕೊಳ್ಳಲು ಒಂದು ತಕ್ಕಡಿ, ಮಾರಲು ಇನ್ನೊಂದು. ಅಂಗನವಾಡಿಯ ಕಾರ್ಯಕರ್ತೆಯನ್ನು ಪಕ್ಕದಲ್ಲಿ ಕೂರಿಸಿಕೊಂಡು, ಇಲ್ಲಿ ಕೊಡುವ ಆಹಾರ ಚೆನ್ನಾಗಿದೆಯೇ ಎಂದು ತಾಯಂದಿರನ್ನು ಕೇಳಿದರೆ ಬರುವ ಉತ್ತರ ಯಾವುದೆಂದು ಎಲ್ಲರಿಗೂ ಗೊತ್ತು. ಶೇಕಡಾ ತೊಂಬತ್ತು ತೃಪ್ತರೆಂದು ಬರೆದರೆ ಲೆಕ್ಕವು ಸರಿಯಾಗಿಯೇ ಇರುತ್ತದೆ. ತಕ್ಕಡಿ ಮಾತ್ರ ಮೋಸದ್ದು. ರಾತ್ರಿ ಹಾಸ್ಟೆಲಿನಲ್ಲಿ ಕುಳಿತು ನಾಲ್ಕು ಬಣ್ಣದ ಪೆನ್ನುಗಳಿಂದ ಪ್ರಶ್ನಾವಳಿಗಳನ್ನು ತುಂಬುವ ಸಾಹಸವು ಕೂಟಲೇಖದ ಗುಂಪಿಗೆ ಸೇರಿದುದು. ಅಂಗಡಿಯವನ ಸುಳ್ಳು ತೂಕದಿಂದ ಒಬ್ಬ ಗಿರಾಕಿಗೆ ಒಂದು ದಿನ ನಷ್ಟ. ಸುಳ್ಳು ಅಂಕಿಯಿಂದ ಮುಂದೆ ಯಾವ ಹಳ್ಳಿಯ ಯಾವ ಮಗುವಿಗೆ ಏನು ತಪ್ಪಿಹೋಯಿತೆಂಬುದನ್ನು ಯಾರೂ ಕಂಡುಹಿಡಿಯಲಾರರು.

ಹಿರೇಕೊಡಿಗೆಯು ಕುವೆಂಪು ಅವರ ಜನ್ಮಸ್ಥಳ; 1904ರ ಡಿಸೆಂಬರ್ 29ರಂದು ತಾಯಿಯ ತವರಾದ ಆ ಊರಿನಲ್ಲಿ ಅವರು ಹುಟ್ಟಿದರು. ಮಲೆನಾಡಿನ ಆಳುಕಾಳುಗಳ ಅಂತರಂಗವನ್ನು ಅವರ ಕಾದಂಬರಿಗಳು ಬಲ್ಲಷ್ಟು ಯಾವ ಪ್ರಶ್ನಾವಳಿಯೂ ಬಲ್ಲದಾಗಿಲ್ಲ. ಆದರೆ ಕಾದಂಬರಿಕಾರನಿಗೆ ಕಲ್ಪಿಸುವ ಅಧಿಕಾರವಿದೆ. ಓದುಗನೂ ಕಲ್ಪನೆಯೆಂದೇ ತಿಳಿದು ಓದುತ್ತಾನೆ. ವಿದ್ಯಾರ್ಥಿಗೆ ಆ ಅಧಿಕಾರವಿಲ್ಲ.

ವಿಷಯಕ್ಕೆ ಮರಳಿದರೆ, ಹಂದಿಗೋಡು ಕಾಯಿಲೆಯನ್ನೂ ಸ್ವಂತ ತೋಟದ ಕೂಲಿಯವರನ್ನೂ ಬಿಟ್ಟ ಮೇಲೆ ವಿದ್ಯಾರ್ಥಿನಿಗೆ ಉಳಿದವು ಮೂರು ನಾಲ್ಕು ಯೋಚನೆಗಳು. ಮಕ್ಕಳು ಬೆಂಗಳೂರು ಸೇರಿ ದೊಡ್ಡ ಮನೆಗಳಲ್ಲಿ ಇಬ್ಬರೇ ಉಳಿದಿರುವ ವೃದ್ಧರ ಖಿನ್ನತೆಯನ್ನು ಅಳೆಯಬಹುದು. ಅಳೆಯುವ ಪ್ರಶ್ನೆಗಳು ಸಿದ್ಧವಾಗಿ ದೊರೆಯುತ್ತವೆ. ಆದರೆ ಬದುಕು ಬೇಡವೆನಿಸಿದೆಯೇ ಎಂದು ಕೇಳಿ, ಹೌದೆಂದ ಮುದುಕನನ್ನು ಹಾಗೆಯೇ ಬಿಟ್ಟು ಐದು ಗಂಟೆಯ ಬಸ್ಸಿಗೆ ಓಡುವಂತಿಲ್ಲ. ಮುಂದೆ ಯಾರ ಬಳಿಗೆ ಕರೆದೊಯ್ಯುವುದೆಂಬ ಏರ್ಪಾಡಿಲ್ಲದವರು ಆ ಪ್ರಶ್ನೆಯನ್ನು ತೆರೆಯಲೇಬಾರದು. ಶಾಲಾಮಕ್ಕಳ ಕಷ್ಟಗಳನ್ನು ಕುರಿತು ಕೇಳುವುದಾದರೆ ತಂದೆತಾಯಿಗಳ ಸಮ್ಮತಿಯ ಜೊತೆಗೆ ಮಗುವಿನ ಒಪ್ಪಿಗೆಯೂ ಬೇಕು. ಯಾರಿಗೂ ಹೇಳುವುದಿಲ್ಲ ಎಂದು ಮಗುವಿಗೆ ಕೊಡುವ ಮಾತನ್ನು ಉಳಿಸಿಕೊಳ್ಳಲು ಯಾವಾಗಲೂ ಸಾಧ್ಯವಿಲ್ಲ. ಏಕೆಂದರೆ ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದುದು ತಿಳಿದುಬಂದರೆ ಅದನ್ನು ಪೊಲೀಸರಿಗೆ ತಿಳಿಸಲೇಬೇಕೆಂದು 2012ರ ಪೋಕ್ಸೋ ಕಾಯಿದೆ ವಿಧಿಸುತ್ತದೆ, ತಿಳಿಸದಿರುವುದು ಅಪರಾಧ. ಮುರಿಯಬೇಕಾಗಬಹುದಾದ ಮಾತನ್ನು ಕೊಡುವುದು ಮೊದಲೇ ಅಸತ್ಯ. ಆದುದರಿಂದ ಮೊದಲ ಪ್ರಶ್ನೆಗೂ ಮುನ್ನ ಮಗುವಿಗೆ ಆ ಎಲ್ಲೆಯನ್ನು ಹೇಳಿಬಿಡಬೇಕು. ಹೇಳಿದ ಮೇಲೆ ಮಗು ಬಾಯಿ ಬಿಡದೆ ಹೋಗಬಹುದು. ಆ ನಷ್ಟವನ್ನು ಸಂಶೋಧಕಿಯೇ ಹೊರತಕ್ಕದ್ದು.

ಮಂಗನ ಕಾಯಿಲೆಯ ಬಗೆಗೂ ಅವಳು ಯೋಚಿಸಿದ್ದಳೆನ್ನೋಣ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳಿಗೆ ಅದು ಹೊರಗಿನ ಮಾತಲ್ಲ. ಹಳೆಯ ಲಸಿಕೆಯನ್ನು ಕೊಡುವುದು 2022ರಲ್ಲಿ ನಿಂತಿತು. ಉಣುಗು ಕಚ್ಚದಂತೆ ಮೈಗೆ ಹಚ್ಚುವ ತೈಲವನ್ನು ಆರೋಗ್ಯ ಇಲಾಖೆ ಹಂಚುತ್ತದೆ. ಕಾಡಿಗೆ ದರಗು ತರಲು ಹೋಗುವವರು ಅದನ್ನು ಏಕೆ ಹಚ್ಚಿಕೊಳ್ಳುವುದಿಲ್ಲ ಎಂಬುದು ನಿಜವಾಗಿಯೂ ಉಪಯುಕ್ತವಾದ ಪ್ರಶ್ನೆ. ಆದರೆ ಜ್ವರದ ಕಾಲ ಬೇಸಿಗೆ, ಕ್ಷೇತ್ರಕಾರ್ಯದ ಕಾಲವೂ ಬೇಸಿಗೆ. ಕಾಡಂಚಿನ ಮನೆಗಳಿಗೆ ಒಬ್ಬಳೇ ತಿರುಗುವ ಹುಡುಗಿಯ ದೇಹಕ್ಕೂ ಅಹಿಂಸೆ ಸಲ್ಲಬೇಕಷ್ಟೆ.

ಕೊನೆಗೆ ಉಳಿದುದು ತೀರ ಸಪ್ಪೆಯಾದ ವಿಷಯ: ವೃದ್ಧರ ಪಿಂಚಣಿ. ಕರ್ನಾಟಕ ಸರ್ಕಾರ ಸಂಧ್ಯಾ ಸುರಕ್ಷಾ ಯೋಜನೆಯನ್ನು 2007ರಲ್ಲಿ ಜಾರಿಗೆ ತಂದಿತು. 65 ವರ್ಷ ದಾಟಿದ ಬಡವರಿಗೆ ತಿಂಗಳಿಗಿಷ್ಟು ಹಣ. ಅರ್ಜಿ ಹಾಕಿದ ದಿನದಿಂದ ಮೊದಲ ಕಂತು ಕೈಸೇರುವವರೆಗೆ ಒಬ್ಬ ವೃದ್ಧೆ ಎಷ್ಟು ಸಲ ಕೊಪ್ಪಕ್ಕೆ ಹೋಗಿಬಂದಳು, ಬಸ್ಸಿಗೆ ಎಷ್ಟು ವೆಚ್ಚವಾಯಿತು, ಯಾವ ಕಾಗದ ಇಲ್ಲವೆಂದು ಹಿಂದಕ್ಕೆ ಕಳುಹಿಸಿದರು, ಬ್ಯಾಂಕಿನಲ್ಲಿ ಹೆಬ್ಬೆರಳ ಗುರುತು ಯಂತ್ರಕ್ಕೆ ಹೊಂದದೆ ಎಷ್ಟು ಸಲ ಬರಿಗೈಯಲ್ಲಿ ಮರಳಿದಳು. ಇದರಲ್ಲಿ ಕಣ್ಣೀರು ಕಡಿಮೆ. ಪರೀಕ್ಷಕರ ಮನ ಕರಗುವುದಿಲ್ಲ. ಆದರೆ ಕೇಳಿಸಿಕೊಳ್ಳುವವರಿಗೆ ಅವಮಾನವಿಲ್ಲ, ಉತ್ತರವನ್ನು ಎಣಿಸಬಹುದು, ಎಣಿಸಿದುದನ್ನು ಪಂಚಾಯಿತಿಯ ಮುಂದೆ ಇಡಬಹುದು. ಕಾಗದವಿಲ್ಲದೆ ನಿಂತ ಇಬ್ಬರಿಗಾದರೂ ಆ ಕಾಗದವನ್ನು ಮಾಡಿಸಿಕೊಡಬಹುದು. ತನ್ನ ಕರುಣೆಗಿಂತ ಚಿಕ್ಕದಾದ ವಿಷಯವನ್ನು ಆರಿಸುವುದು ಯೌವನಕ್ಕೆ ಕಠಿಣವಾದ ಸಂಯಮ. ಅತಿ ದೊಡ್ಡ ದುಃಖವನ್ನು ಆರಿಸಿಕೊಳ್ಳುವ ಆಸೆಯಲ್ಲಿ ಪರಿಗ್ರಹದ ಅಂಶವೊಂದು ಅಡಗಿರುತ್ತದೆ. ಪರರ ನೋವು ಸಹ ಕೂಡಿಹಾಕಬಹುದಾದ ಸ್ವತ್ತೇ.

ಯೋಜನೆಯ ಲೆಕ್ಕವೂ ನೀತಿಯ ಭಾಗವೇ. ನಲವತ್ತು ಮನೆಗಳೆಂದು ಪ್ರಸ್ತಾವದಲ್ಲಿ ಬರೆಯುವುದು ಸುಲಭ. ಒಂದೊಂದು ಮನೆಗೂ ಪರಿಚಯಕ್ಕೆ ಒಂದು ಸಲ, ಪ್ರಶ್ನೆಗಳಿಗೆ ಒಂದು ಸಲ, ಬರೆದುದನ್ನು ಓದಿಹೇಳಲು ಒಂದು ಸಲ ಹೋದರೆ ನೂರಿಪ್ಪತ್ತು ಭೇಟಿಗಳು. ಗುಡ್ಡ ಹತ್ತಿ ಹಳ್ಳ ದಾಟುವ ಸೀಮೆಯಲ್ಲಿ ದಿನಕ್ಕೆ ಮೂರು ಮನೆ ಮುಗಿದರೆ ಹೆಚ್ಚು. ಅಂದರೆ ನಲವತ್ತು ದಿನಗಳು. ಮಳೆ ಹಿಡಿದರೆ ಓಡಾಟವೇ ಇಲ್ಲ. ಅಡಿಕೆ ಕೊಯ್ಲು, ಕಾಫಿ ಕೊಯ್ಲಿನ ಕಾಲದಲ್ಲಿ ಯಾರಿಗೂ ಬಿಡುವಿಲ್ಲ. ಹೀಗೆ ಲೆಕ್ಕ ಹಾಕಿದಾಗ ಹದಿನೈದೇ ಮನೆಗಳು, ನಲವತ್ತೈದು ಭೇಟಿಗಳು, ಹದಿನೈದು ದಿನಗಳು ಎಂಬ ನಿರ್ಧಾರಕ್ಕೆ ಬರುವುದು ವಿವೇಕ. ಲೆಕ್ಕ ಹಾಕದೆ ನಲವತ್ತೆಂದು ಬರೆದವರು ಕೊನೆಯ ವಾರದಲ್ಲಿ ಪರಿಚಯದ ಭೇಟಿಯನ್ನು ಬಿಡುತ್ತಾರೆ, ಆಮೇಲೆ ಓದಿಹೇಳುವ ಭೇಟಿಯನ್ನು ಬಿಡುತ್ತಾರೆ, ಆಮೇಲೆ ಮನೆಗಳನ್ನೇ ಬಿಟ್ಟು ಬಣ್ಣದ ಪೆನ್ನುಗಳನ್ನು ಹುಡುಕುತ್ತಾರೆ. ಸುಳ್ಳಿಗೆ ದುರ್ಬುದ್ಧಿಯೇ ಬೇಕೆಂದಿಲ್ಲ, ಕೆಟ್ಟ ಅಂದಾಜುಪಟ್ಟಿಯೂ ಸಾಕು. ಕೂಲಿಯವನ ಹೊತ್ತಿಗೂ ಬೆಲೆಯಿದೆ. ಕೆಲಸದ ದಿನ ಅರ್ಧ ಗಂಟೆ ಕೂರಿಸಿದರೆ ಅವನಿಗೆ ನಷ್ಟ. ಸಂಜೆಯೋ ಭಾನುವಾರವೋ ಹೋಗುವುದು ವಿದ್ಯಾರ್ಥಿನಿಗೆ ಅನಾನುಕೂಲ. ಅನಾನುಕೂಲವು ಯಾರ ಖಾತೆಗೆ ಬರೆಯಲ್ಪಡಬೇಕೆಂಬುದರಲ್ಲಿ ಸಂದೇಹವಿಲ್ಲ.

ಪ್ರಪಂಚದಲ್ಲಿ ಈ ನಿಯಮಗಳೆಲ್ಲ ಹುಟ್ಟಿದುದು ಸುಮ್ಮನೆ ಅಲ್ಲ. ಅಮೆರಿಕದ ಟಸ್ಕೀಗಿಯಲ್ಲಿ 1932ರಿಂದ 1972ರವರೆಗೆ ಉಪದಂಶ ರೋಗವಿದ್ದ 399 ಬಡ ಕಪ್ಪು ಜನರನ್ನು ಸರ್ಕಾರದ ವೈದ್ಯರೇ ಚಿಕಿತ್ಸೆ ಕೊಡದೆ ಗಮನಿಸುತ್ತ ಕುಳಿತರು. ಮಧ್ಯೆ ಪೆನಿಸಿಲಿನ್ ಬಂದರೂ ಕೊಡಲಿಲ್ಲ. ಆ ಹಗರಣದ ನಂತರ 1979ರಲ್ಲಿ ಬೆಲ್ಮಾಂಟ್ ವರದಿ ಬಂದಿತು. ನಲವತ್ತು ವರ್ಷ ನೋಡುತ್ತ ಕುಳಿತವರು ಕ್ರೂರಿಗಳೆಂದು ತಮ್ಮನ್ನು ತಾವು ತಿಳಿದಿರಲಿಲ್ಲ. ವಿದ್ಯೆಯ ಕೆಲಸ ಮಾಡುತ್ತಿದ್ದೇವೆಂದೇ ಅವರ ನಂಬಿಕೆ.

ಮರಳಿ ಬರುವ ಸಂಪ್ರದಾಯವೂ ಇಲ್ಲದಿಲ್ಲ. ಸ್ಕಾರ್ಲೆಟ್ ಎಪ್‌ಸ್ಟೀನ್ 1954ರಿಂದ 1956ರವರೆಗೆ ಮಂಡ್ಯ ಸೀಮೆಯ ಎರಡು ಹಳ್ಳಿಗಳಲ್ಲಿ ನೀರಾವರಿಯ ಪರಿಣಾಮವನ್ನು ಅಧ್ಯಯನ ಮಾಡಿ, 1970ರಲ್ಲಿ ಮತ್ತೆ ಅಲ್ಲಿಗೇ ಬಂದು ತಾನು ಊಹಿಸಿದುದರಲ್ಲಿ ಎಷ್ಟು ನಿಜವಾಯಿತೆಂದು ನೋಡಿದರು. ಸ್ನಾತಕೋತ್ತರ ವಿದ್ಯಾರ್ಥಿನಿಯಿಂದ ಅಷ್ಟನ್ನು ನಿರೀಕ್ಷಿಸಲಾಗದು. ಹದಿನೈದು ಮನೆಗಳಿಗೆ ಮೂರನೆಯ ಸಲ ಹೋಗುವುದನ್ನು ನಿರೀಕ್ಷಿಸಬಹುದು.

ಆ ಮೂರನೆಯ ಭೇಟಿಯಲ್ಲೇ ಅವಳಿಗೆ ಅತಿ ಕಷ್ಟದ ಪ್ರಸಂಗ ಒದಗಬಹುದು. ಬರೆದುದನ್ನು ಓದಿಹೇಳಿ, ಪುಸ್ತಕ ಮುಚ್ಚಿ, ಚೀಲಕ್ಕೆ ಹಾಕಿ ಅಂಗಳಕ್ಕಿಳಿದಾಗ ಮುದುಕಿಯು ಉಣುಗೋಲಿನವರೆಗೆ ಜೊತೆಗೆ ಬಂದು, ದನಿ ತಗ್ಗಿಸಿ, ಪಿಂಚಣಿಯ ಹಣವನ್ನು ಪ್ರತಿ ತಿಂಗಳೂ ಮಗನೇ ತೆಗೆದುಕೊಳ್ಳುತ್ತಾನೆಂದು ಹೇಳುತ್ತಾಳೆ. ಇಡೀ ಅಧ್ಯಯನದಲ್ಲಿ ಅದಕ್ಕಿಂತ ಮುಖ್ಯವಾದ ಮಾತು ಬೇರೊಂದಿಲ್ಲ. ಹಣವು ಖಾತೆಗೆ ಸೇರಿತೆಂಬ ಅವಳ ಹದಿನೈದು ಸಾಲುಗಳಲ್ಲಿ ಒಂದು ಸಾಲು ಆ ಕ್ಷಣಕ್ಕೆ ಸುಳ್ಳಾಗುತ್ತದೆ. ಬರೆಯಲೇ ಅಜ್ಜಿ ಎಂದು ಅವಳು ಅಲ್ಲಿಯೇ ನಿಂತು ಕೇಳಬೇಕು. ಮುದುಕಿಯು ಬರೆ ಎಂದರೆ, ಯಾವ ಮನೆಯೆಂದು ತಿಳಿಯದ ಹಾಗೆ ಬರೆಯಬಹುದು. ಹಿರಿಯ ನಾಗರಿಕರಿಗಾಗಿ 2007ರಲ್ಲಿಯೇ ಬಂದ ಕಾಯಿದೆಯೊಂದಿದೆಯೆಂದು ಹೇಳಲೂಬಹುದು. ಬೇಡ ಮಗಾ, ಅವನೂ ನನ್ನ ಮಗನೇ ಎಂದರೆ, ಚೀಲದಿಂದ ಪುಸ್ತಕ ಹೊರಬರುವಂತಿಲ್ಲ. ಪ್ರಬಂಧದಲ್ಲಿ ಆ ಮನೆಯ ಲೆಕ್ಕವನ್ನು ಪೂರ್ತಿಯಾಗಿ ಬಿಟ್ಟು, ಹದಿನಾಲ್ಕು ಮನೆಗಳ ಲೆಕ್ಕವನ್ನಷ್ಟೇ ಒಪ್ಪಿಸಬೇಕಾಗುತ್ತದೆ; ಒಂದು ಏಕೆ ಕಡಿಮೆಯಾಯಿತೆಂದು ಮಾರ್ಗದರ್ಶಕರು ಕೇಳಿದಾಗ, ಆ ಮನೆಯವರು ಸಮ್ಮತಿಸಲಿಲ್ಲ ಎಂದಷ್ಟೇ ಹೇಳಿ ಸುಮ್ಮನಾಗಬೇಕಾಗುತ್ತದೆ.